ರಫ್ ನೋಟ್‌ಬುಕ್ ತಂದ ಹುಡುಗಿ

2024ರ ಎಳ್ಳ ಅಮಾವಾಸ್ಯೆ ಮುಗಿದ ವಾರ. ಡಿಗ್ರಿ ಎರಡನೇ ವರ್ಷದ ಮಕ್ಕಳಿಗೆ ಆ ಹಬ್ಬದ ಮೇಲೆಯೇ ಎರಡು ಪುಟದ ಪ್ರಬಂಧ ಬರೆಯಲು ಹೇಳಿದ್ದೆ. ಆಂತರಿಕ ಅಂಕಕ್ಕೆ ಸೇರುವ ಬರಹ. ಟೈಪ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿ ಎಂದಿದ್ದೆ. ಮಕ್ಕಳಿಗೆ ಸುಲಭವಾಗಲಿ ಅಂತಲೇ ಈ ವಿಷಯ ಆರಿಸಿದ್ದು. ನಾನು ಕನ್ನಡ ಪಾಠ ಮಾಡುವುದು ವಿಜಯಪುರದಲ್ಲಿ. ಇಂಡಿ, ಸಿಂದಗಿ, ಬಬಲೇಶ್ವರ, ಬಸವನ ಬಾಗೇವಾಡಿ ಕಡೆಯಿಂದ ದಿನಾ ಬಸ್ಸಿಗೆ ಬರುವ ಮಕ್ಕಳೇ ಜಾಸ್ತಿ. ಹಬ್ಬದ ದಿನ ಇವರಲ್ಲಿ ಬಹಳ ಮಂದಿ ಹೊಲದಲ್ಲೇ ಇದ್ದವರು.

ನಮ್ಮ ಕಡೆ ಎಳ್ಳ ಅಮಾವಾಸ್ಯೆ ಅಂದರೆ ಹೊಲದ ಹಬ್ಬ. ಬಿಳಿಜೋಳ ಎದ್ದು ನಿಂತಿರುತ್ತದೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ ಬದನೆಕಾಯಿ, ಭಜ್ಜಿ, ಅಗಸಿ ಚಟ್ನಿ ಎಲ್ಲ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಚಕ್ಕಡಿಯನ್ನೋ ಟ್ರ್ಯಾಕ್ಟರನ್ನೋ ಹತ್ತುತ್ತಾರೆ. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರು ಅಂತ ಪೂಜೆ ಮಾಡುತ್ತಾರೆ. ಆಮೇಲೆ ಹೊಲದ ತುಂಬ ಚರಗ, ಅಂದರೆ ಭೂಮಿಗೆ ಅರ್ಪಿಸುವ ಅಡುಗೆ, ಚೆಲ್ಲುತ್ತಾರೆ. ಬಸುರಿ ಭೂಮಿತಾಯಿಗೆ ಅದು ಸೀಮಂತದ ಊಟ.

ಬಂದ ಪ್ರಬಂಧಗಳಲ್ಲಿ ಅರ್ಧದಷ್ಟರಲ್ಲಿ ಹೊಲವೇ ಇರಲಿಲ್ಲ. ಪಿತೃಗಳಿಗೆ ತರ್ಪಣ ಇತ್ತು, ನದೀ ಸ್ನಾನ ಇತ್ತು, ಶನಿದೇವರಿಗೆ ಎಳ್ಳೆಣ್ಣೆ ದೀಪ ಇತ್ತು. ಅದೂ ಸುಳ್ಳಲ್ಲ, ಬೇರೆ ಕಡೆ ಈ ಅಮಾವಾಸ್ಯೆಯನ್ನು ಹಾಗೇ ಆಚರಿಸುತ್ತಾರೆ. ಆದರೆ ಅದು ಈ ಮಕ್ಕಳ ಹಬ್ಬ ಅಲ್ಲ. ‘ಸಂಸ್ಕೃತಿಯ ಪ್ರತೀಕ’ ಎಂಬ ಮಾತು ಎಷ್ಟು ಪ್ರಬಂಧಗಳಲ್ಲಿ ಬಂತೋ. ಎಲ್ಲದಕ್ಕೂ ಒಂದೇ ಮುಖ.

ಏನಾಗಿದೆ ಅಂತ ತಿಳಿಯಲು ಕಷ್ಟಪಡಬೇಕಾಗಲಿಲ್ಲ. ಕೇಳಿದ್ದನ್ನು ಬರೆದುಕೊಡುವ ಎಐ ಸಾಧನ ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್‌ನಲ್ಲಿ. ಈಗಂತೂ ವಾಟ್ಸಾಪ್ ಒಳಗೇ ಅಂಥದೇ ಮೆಟಾ ಎಐ ಇದೆ, ಉಂಗುರದ ಗುರುತಿನದು. ನಾನು ಕೊಟ್ಟ ವಿಷಯವನ್ನು ಅಲ್ಲೇ ಒತ್ತಿ ಹಿಡಿದು ಕಾಪಿ ಮಾಡಿ, ಅಲ್ಲೇ ಕೇಳಿ, ಬಂದದ್ದನ್ನು ಅಲ್ಲಿಂದಲೇ ನನಗೆ ಕಳಿಸಬಹುದು. ಮಗು ಒಂದು ಸಾಲನ್ನೂ ಓದಬೇಕಿಲ್ಲ.

ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಜಾಸ್ತಿ ಸಂಕಟ ಆಯಿತು. ಆ ಸಂಕಟದಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ನನ್ನ ಹಾಗೆ ಪಾಠ ಮಾಡುವ ಬೇರೆಯವರು ಆ ದಾರಿ ತುಳಿಯಬಾರದು.

ಎಐ ಬರೆದದ್ದನ್ನು ಹಿಡಿದು ಕೊಡುತ್ತೇವೆ ಎನ್ನುವ ಒಂದು ಜಾಲತಾಣಕ್ಕೆ ಅಷ್ಟೂ ಪ್ರಬಂಧಗಳನ್ನು ಹಾಕಿದೆ. ಒಂದೊಂದಕ್ಕೂ ಅದು ಶೇಕಡಾವಾರು ಲೆಕ್ಕ ಕೊಟ್ಟಿತು. ಅಂಕಿ ಕಂಡ ಕೂಡಲೇ ನಂಬಿಕೆ ಬಂದುಬಿಡುತ್ತದೆ, ಅಲ್ವಾ? ನನಗೂ ಹಾಗೇ ಆಯಿತು. ಎಲ್ಲರಿಗಿಂತ ಜಾಸ್ತಿ ಬಂದದ್ದು ಸಿಂದಗಿ ತಾಲೂಕಿನ ಒಂದು ಹುಡುಗಿಗೆ. ತೊಂಬತ್ತರ ಮೇಲೆ. ಆಕೆ ಕ್ಲಾಸಿನಲ್ಲಿ ಬಾಯಿ ಬಿಡುವವಳಲ್ಲ. ಬರಹ ಮಾತ್ರ ನೀಟು. ಒಂದು ಅಕ್ಷರ ತಪ್ಪಿಲ್ಲ, ಎಲ್ಲ ಗ್ರಾಂಥಿಕ ಕನ್ನಡ. ಅವಳ ಪ್ರಬಂಧದಲ್ಲಿ ಚರಗದ ಮಾತು ಇತ್ತು. ಅದನ್ನು ನಾನು ಗಮನಿಸಲೇ ಇಲ್ಲ. ಅಂಕಿ ನೋಡಿದ್ದೆ, ಅಷ್ಟೇ.

ಸ್ಟಾಫ್ ರೂಮಿಗೆ ಕರೆಸಿದೆ. ಇನ್ನೂ ಮೂವರು ಸಹೋದ್ಯೋಗಿಗಳು ಅಲ್ಲೇ ಕೂತಿದ್ದರು.

“ಯಾಕವಾ, ಇದನ್ನ ಬರದವರು ಯಾರು?”

“ನಾನಽ ಬರದೀನ್ರಿ ಸರ್.”

“ಮಷಿನ್ ಬರದದ್ದು ಅಂತ ಇಲ್ಲಿ ತೋರಸಾಕತ್ತೈತಿ ನೋಡು.”

ಮೊಬೈಲನ್ನು ಅವಳ ಮುಂದೆ ಹಿಡಿದೆ. ಆಕೆ ಅದನ್ನು ನೋಡಲಿಲ್ಲ. ನನ್ನ ಮುಖವನ್ನು ನೋಡಿದಳು. ಒಂದು ಮಾತೂ ಆಡದೆ ಹೊರಗೆ ಹೋದಳು. ತಪ್ಪು ಮಾಡಿದವರ ಮೌನ ಅಂದುಕೊಂಡೆ ನಾನು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ರಫ್ ನೋಟ್‌ಬುಕ್. ಟೈಪ್ ಮಾಡುವ ಮೊದಲು ಆ ಪ್ರಬಂಧವನ್ನು ಮೂರು ಸಲ ಬರೆದಿದ್ದಳು. ಮೊದಲನೆಯದರಲ್ಲಿ ಅವಳ ಮನೆಮಾತೇ ಇತ್ತು. ‘ಆಯಿ ಚರಗ ಚೆಲ್ಲುವಾಗ ಹಿಂದ ತಿರುಗಿ ನೋಡಬ್ಯಾಡ ಅಂತಾಳ’ ಅಂತ ಒಂದು ಸಾಲು. ಎರಡನೆಯದರಲ್ಲಿ ಅದನ್ನು ಹೊಡೆದು ಹಾಕಿದ್ದಳು. ಮೂರನೆಯದರಲ್ಲಿ ಅದು ‘ಅಜ್ಜಿಯವರು ಚರಗವನ್ನು ಚೆಲ್ಲುವ ಪದ್ಧತಿಯನ್ನು ಪಾಲಿಸುತ್ತಾರೆ’ ಎಂದಾಗಿತ್ತು. ಎಸ್ಸೆಸ್ಸೆಲ್ಸಿ ಗೈಡಿನಲ್ಲಿ ಪ್ರಬಂಧ ಹೇಗಿರುತ್ತದೋ ಹಾಗೆ ತಿದ್ದಿಕೊಂಡಿದ್ದಳು. ಒಳ್ಳೆಯ ಕನ್ನಡ ಅಂದರೆ ಅದೇ ಅಂತ ನಾವೇ, ಮಾಸ್ತರರೇ, ಹತ್ತು ವರ್ಷ ಕಲಿಸಿದ್ದೆವು.

ಆ ಮೂರು ಪುಟ ಓದಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅಂದೇ ಕ್ಲಾಸಿನಲ್ಲಿ ಎಲ್ಲರ ಎದುರು ಕ್ಷಮೆ ಕೇಳಿದೆ. ಸ್ಟಾಫ್ ರೂಮಿನಲ್ಲಿ ಆ ಮಾತು ಕೇಳಿಸಿಕೊಂಡಿದ್ದ ಮೂವರ ಮುಂದೆಯೂ ಕೇಳಿದೆ. “ಇರಲಿ ಬಿಡ್ರಿ ಸರ್” ಅಂದಳು. ಹಾಗೆ ಅಂದದ್ದು ಮನಸ್ಸಿನಿಂದಲೋ, ನಾನು ಮೇಷ್ಟ್ರು ಅನ್ನುವ ಕಾರಣಕ್ಕೋ, ಕೇಳುವ ಧೈರ್ಯ ನನಗೆ ಬರಲಿಲ್ಲ.

ಆಮೇಲೆ ಕೂತು ಓದಿದೆ. ಮೊದಲೇ ಓದಬೇಕಿತ್ತು. ಈ ಪತ್ತೆ ಮಾಡುವ ಸಾಧನಗಳಲ್ಲಿ ಬಹಳಷ್ಟು ನೋಡುವುದು ಒಂದು ಪದ ಆದ ಮೇಲೆ ಯಾವ ಪದ ಬರಬಹುದು ಎಂಬುದನ್ನು. ಊಹಿಸಿದ ಪದವೇ ಮತ್ತೆ ಮತ್ತೆ ಬಂದರೆ ‘ಇದು ಮಷಿನ್’ ಎನ್ನುತ್ತವೆ. ಈಗ ಯೋಚಿಸಿ. ಗೈಡ್ ಓದಿ ಕಲಿತ ಮಗು, ತಪ್ಪಾದೀತು ಅಂತ ಹೆದರಿ ಗೊತ್ತಿದ್ದ ಪದಗಳನ್ನಷ್ಟೇ ಬಳಸುವ ಮಗು, ಹೇಗೆ ಬರೆಯುತ್ತದೆ? ಯಾರಾದರೂ ಊಹಿಸುವ ಹಾಗೇ ಬರೆಯುತ್ತದೆ.

2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷೆ ಮಾಡಿದ್ದರು. ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಕೊಟ್ಟರು. ಎಲ್ಲವೂ ಮನುಷ್ಯರೇ ಬರೆದದ್ದು. ಸರಾಸರಿ ನೋಡಿದರೆ ನೂರಕ್ಕೆ 61 ಪ್ರಬಂಧಗಳಿಗೆ ಎಐ ಬರಹದ ಹಣೆಪಟ್ಟಿ ಬಿತ್ತು. ಅಮೆರಿಕದ ಎಂಟನೇ ಕ್ಲಾಸಿನ ಮಕ್ಕಳ ಪ್ರಬಂಧಗಳನ್ನು ಮಾತ್ರ ಅವು ಹೆಚ್ಚುಕಡಿಮೆ ಸರಿಯಾಗಿಯೇ ಗುರುತಿಸಿದವು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ಕೂಡ ಅದೇ ವರ್ಷ ಜನವರಿಯಲ್ಲಿ ತನ್ನದೇ ಒಂದು ಪತ್ತೆ ಸಾಧನ ಬಿಟ್ಟಿತ್ತು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಗೆ ಬಳಸಬೇಡಿ ಎಂದು ಅವರೇ ಹೇಳಿದ್ದರು. ನಿಖರತೆ ಸಾಲದು ಎಂದು ಜುಲೈನಲ್ಲಿ ಅದನ್ನೇ ತೆಗೆದುಹಾಕಿದರು. ಮಾಡಿದವರೇ ಕೈಬಿಟ್ಟ ಕೆಲಸವನ್ನು ನಾನು ಯಾವುದೋ ಜಾಲತಾಣದ ಮಾತು ನಂಬಿ ಸಿಂದಗಿ ತಾಲೂಕಿನ ಹುಡುಗಿಯ ಮೇಲೆ ಮಾಡಿದ್ದೆ.

ಹಾಗಂತ ಮಕ್ಕಳು ಏನು ಕಳಿಸಿದರೂ ಸರಿ ಎನ್ನಲು ಆಗುವುದಿಲ್ಲ. ಮುಂದಿನ ತಿಂಗಳೇ ಅದೂ ಗೊತ್ತಾಯಿತು. ಬಸವಣ್ಣನವರ ಬಗ್ಗೆ ಒಬ್ಬ ಹುಡುಗ ಬರೆದ ಪ್ರಬಂಧದಲ್ಲಿ ಒಂದು ವಚನ ಇತ್ತು. ಓದಲು ಚೆನ್ನಾಗಿಯೇ ಇತ್ತು. ದೀಪ ಇತ್ತು, ಎಣ್ಣೆ ಇತ್ತು, ಕೊನೆಗೆ ಕೂಡಲಸಂಗಮದೇವಾ ಎಂಬ ಅಂಕಿತವೂ ಇತ್ತು. ನಡುವೆ ‘ಸಮಾನತೆ’ ಅನ್ನುವ ಇವತ್ತಿನ ಪದ ನೋಡಿ ನನಗೆ ಅನುಮಾನ ಬಂತು.

ಈ ಸಲ ಯಾವ ಜಾಲತಾಣಕ್ಕೂ ಹೋಗಲಿಲ್ಲ, ಹುಡುಗನನ್ನು ಒಬ್ಬನೇ ಕರೆದು ನಿಲ್ಲಿಸಲೂ ಇಲ್ಲ. ಆ ವಚನವನ್ನು ಬೋರ್ಡಿನ ಮೇಲೆ ಬರೆದು, “ತಮ್ಮಾ, ಇದು ನಿನಗೆ ಎಲ್ಲಿ ಸಿಕ್ತು?” ಎಂದು ಕೇಳಿದೆ. “ಚಾಟ್‌ಜಿಪಿಟಿ ಕೊಟ್ಟಿತ್ರಿ” ಎಂದ, ಮುಚ್ಚುಮರೆ ಇಲ್ಲದೆ. ಹಾಗಾದರೆ ಹುಡುಕೋಣ ಎಂದೆ. ಸರ್ಕಾರ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ಒಟ್ಟು 15. ಮೊದಲನೆಯದೇ ಬಸವಣ್ಣನವರದು. ಲೈಬ್ರರಿಯಿಂದ ಅದನ್ನು ತರಿಸಿದೆ. ಕೆಲವರು ಅಕಾರಾದಿ ನೋಡಿದರು, ಕೆಲವರು ಮೊಬೈಲಿನಲ್ಲಿ ವಚನ ಹುಡುಕುವ ತಾಣ ತೆರೆದರು. ಮುಕ್ಕಾಲು ಗಂಟೆ ಹುಡುಕಿದರೂ ಆ ವಚನ ಸಿಗಲಿಲ್ಲ. ಅದು ಇರಲೇ ಇಲ್ಲ.

“ಮತ್ಯಾಕ್ರಿ ಸರ್ ಅದು ಸುಳ್ಳು ಹೇಳಿತು?” ಎಂದು ಹುಡುಗ ಕೇಳಿದ. ಎಷ್ಟು ಒಳ್ಳೆಯ ಪ್ರಶ್ನೆ! ಸುಳ್ಳು ಹೇಳಬೇಕು ಅಂತ ಅದು ಹೇಳಿಲ್ಲ. ಮುಂದಿನ ಪದ ಯಾವುದು ಹೊಂದುತ್ತದೆ ಎಂದು ಲೆಕ್ಕ ಹಾಕುತ್ತಾ ಸಾಲು ಹೆಣೆಯುತ್ತದೆ. ವಚನದ ಧಾಟಿ ಅದಕ್ಕೆ ಗೊತ್ತು. ಆ ವಚನ ಇದೆಯೋ ಇಲ್ಲವೋ ಎಂದು ಸಂಪುಟ ತೆರೆದು ನೋಡಿ ಅದು ಬರೆಯಲಿಲ್ಲ.

ಆ ದಿನ ಪಾಠದ ಉಳಿದ ಹೊತ್ತೆಲ್ಲ ಫ.ಗು. ಹಳಕಟ್ಟಿಯವರ ಬಗ್ಗೆ ಮಾತಾಡಿದೆ. ಯೋಜನೆ ಹಾಕಿಕೊಂಡು ಹೋಗಿರಲಿಲ್ಲ, ತಾನಾಗಿ ಬಂತು. ಇದೇ ಊರಿನಲ್ಲಿ ವಕೀಲರಾಗಿದ್ದವರು ಅವರು. ವಚನಗಳು ಮಠಗಳಲ್ಲಿ, ಮನೆಗಳ ಅಟ್ಟದ ಮೇಲೆ, ತಾಳೆಗರಿ ಕಟ್ಟುಗಳಲ್ಲಿ ಹುಳ ಹಿಡಿಯುತ್ತಿದ್ದ ಕಾಲದಲ್ಲಿ ಊರೂರು ತಿರುಗಿ ಕೂಡಿಸಿದರು. ಒಂದು ಪ್ರತಿಯನ್ನು ಇನ್ನೊಂದರ ಜೊತೆ ಹೋಲಿಸಿ ನೋಡಿದರು. 1923ರಲ್ಲಿ ಅವರ ವಚನಶಾಸ್ತ್ರ ಸಾರದ ಮೊದಲ ಭಾಗ ಬಂತು. 1925ರಲ್ಲಿ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಒಂದು ಸಾಲು ಬಸವಣ್ಣನವರದೇ ಹೌದೋ ಅಲ್ಲವೋ ಎಂದು ತಿಳಿಯಲು ಒಬ್ಬ ಮನುಷ್ಯ ತನ್ನ ಗಳಿಕೆಯನ್ನೆಲ್ಲ ಸುರಿದ ಊರು ಇದು. ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಹಿಂದಿನ ಬೆಂಚಿನ ಹುಡುಗರೂ ಸುಮ್ನೆ ಕೂತು ಕೇಳಿದರು.

ಈಗ ನಾನು ಪ್ರಬಂಧ ಬರೆಸುವ ರೀತಿಯೇ ಬೇರೆ. ಎಐ ಬಳಸಬೇಡಿ ಎಂದು ಹೇಳುವುದಿಲ್ಲ. ಹೇಳಿದರೂ ಬಳಸುತ್ತಾರೆ, ಮುಚ್ಚಿಡುವುದನ್ನು ಕಲಿಯುತ್ತಾರೆ ಅಷ್ಟೇ. ಮೊದಲ ಪ್ರತಿ ಮಾತ್ರ ಕ್ಲಾಸಿನಲ್ಲೇ, ಪೆನ್ನು ಹಿಡಿದು, ಮನೆಮಾತಿನಲ್ಲಿ ಬೇಕಾದರೂ ಬರೆಯಬೇಕು. ಆಮೇಲೆ ಮೊಬೈಲ್ ತೆಗೆಯಬಹುದು. ಕಾಗುಣಿತ ತಿದ್ದಿಸಿಕೊಳ್ಳಿ, ಎಲ್ಲಿ ಅರ್ಥ ಆಗುತ್ತಿಲ್ಲ ಎಂದು ಕೇಳಿ ಎನ್ನುತ್ತೇನೆ. ಪ್ರಬಂಧದ ಕೊನೆಗೆ, ಎಐ ಏನು ಮಾಡಿತು ಎಂದು ಎರಡು ಸಾಲು ಬರೆಯಬೇಕು. ಅದಕ್ಕೆ ಅಂಕ ಕಡಿಮೆ ಮಾಡುವುದಿಲ್ಲ. ಎಲ್ಲ ಮುಗಿದ ಮೇಲೆ ಒಬ್ಬೊಬ್ಬರ ಜೊತೆ ಐದು ನಿಮಿಷ ಕೂರುತ್ತೇನೆ. ಈ ಮಾತು ಯಾರು ಹೇಳಿದ್ದು, ಇದನ್ನು ನೀನು ಎಲ್ಲಿ ನೋಡಿದೆ ಎಂದು ಕೇಳುತ್ತೇನೆ. ಇದಕ್ಕೆ ಹೊತ್ತು ಬಹಳ ಹಿಡಿಯುತ್ತದೆ. ಒಂದು ಸೆಕ್ಷನ್ ಮುಗಿಸಲು ವಾರ ಸಾಲುವುದಿಲ್ಲ. ಕ್ಲಾಸುಗಳ ಹೊರೆ ಜಾಸ್ತಿ ಇರುವ ಗೆಳೆಯರಿಗೆ ಇದು ಕಷ್ಟ, ಅದನ್ನು ಒಪ್ಪುತ್ತೇನೆ.

ನಾನು ಊಹಿಸಿರದ ಒಂದು ಉಪಯೋಗವನ್ನು ಮಕ್ಕಳೇ ಕಂಡುಕೊಂಡರು. ಇಂಡಿ ಕಡೆಯ ಒಬ್ಬ ಹುಡುಗ ಗುಳೆ ಹೋಗುವುದರ ಬಗ್ಗೆ ಬರೆಯಬೇಕೆಂದಿದ್ದ. ಅವನ ಅಪ್ಪ, ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದರು. ಏನು ಬರೆಯಬೇಕು ಅಂತ ತೋಚದೆ, ‘ನೀನು ಬರೆಯಬೇಡ, ನಾನು ಅಪ್ಪನಿಗೆ ಏನು ಕೇಳಬೇಕು ಹೇಳು’ ಎಂದು ಚಾಟ್‌ಜಿಪಿಟಿಗೆ ಹಾಕಿದನಂತೆ. ಅದು ಹತ್ತು ಪ್ರಶ್ನೆ ಕೊಟ್ಟಿತು. ಎಂಟು ಸಪ್ಪೆ. ಎರಡು ಮಾತ್ರ ಒಳ್ಳೆಯವು. ಅದರಲ್ಲಿ ಒಂದು: ಊರು ಬಿಡುವಾಗ ಮನೆಯಲ್ಲಿ ಏನನ್ನು ಬಿಟ್ಟು ಹೋಗುತ್ತೀರಿ, ಯಾರ ಕೈಗೆ ಒಪ್ಪಿಸುತ್ತೀರಿ?

ರಾತ್ರಿ ಫೋನ್ ಮಾಡಿ ಕೇಳಿದ. ಅಪ್ಪ ಯಾವತ್ತೂ ‘ಉಂಡಿಯಾ, ರೊಕ್ಕ ಅದಾವಾ’ ಅನ್ನುವುದು ಬಿಟ್ಟು ಜಾಸ್ತಿ ಮಾತಾಡಿದವರಲ್ಲ. ಆ ರಾತ್ರಿ ಅರ್ಧ ಗಂಟೆ ಮಾತಾಡಿದರಂತೆ. ಆಡುಗಳನ್ನು ಚಿಕ್ಕಪ್ಪನಿಗೆ ಒಪ್ಪಿಸಿದ್ದು, ಮನೆಯ ಕೀಲಿಯನ್ನು ಅಜ್ಜಿಯ ಸೊಂಟದ ಚೀಲಕ್ಕೆ ಹಾಕಿದ್ದು, ಲಾರಿ ಹತ್ತುವ ಮುಂಚೆ ನಾಯಿಗೆ ಎರಡು ರೊಟ್ಟಿ ಹಾಕಿದ್ದು, ಆ ನಾಯಿ ಲಾರಿಯ ಹಿಂದೆ ಹಳ್ಳದ ತನಕ ಓಡಿ ಬಂದದ್ದು. ಹುಡುಗ ಅಷ್ಟನ್ನೂ ಬರೆದ. ಪ್ರಬಂಧದ ಕೊನೆಗೆ ಹೀಗೆ ಇತ್ತು: ‘ಪ್ರಶ್ನೆ ಎಐ ಕೊಟ್ಟದ್ದು. ಉತ್ತರ ಅಪ್ಪ ಕೊಟ್ಟದ್ದು. ಹಳ್ಳದ ಹೆಸರು ನಾನು ಸೇರಿಸಿದ್ದು.’

ಈ ಪ್ರಬಂಧವನ್ನು ಕ್ಲಾಸಿನಲ್ಲಿ ಓದಿಸಿದೆ. ಅದಾದ ಮೇಲೆ ಮಕ್ಕಳ ಬರಹಕ್ಕೆ ಅವರವರ ಊರು ಬರತೊಡಗಿತು. ಒಬ್ಬಳು ಹಗೇವಿನ ಬಗ್ಗೆ ಬರೆದಳು. ನೆಲದೊಳಗೆ ಜೋಳ ಇಡುವ ಆ ಗುಂಡಿಗೆ ಇಳಿಯುವ ಮುನ್ನ ಬಾಯಿ ತೆರೆದು ಗಾಳಿ ಆಡಲು ಬಿಡಬೇಕು, ಇಲ್ಲದಿದ್ದರೆ ಒಳಗೆ ಉಸಿರು ಕಟ್ಟುತ್ತದೆ ಎಂದು ಅವಳ ಮುತ್ಯಾ ಹೇಳಿಕೊಟ್ಟಿದ್ದರಂತೆ. ವ್ಯಾಕರಣದ ತಪ್ಪುಗಳು ಮೊದಲಿಗಿಂತ ಜಾಸ್ತಿ ಆಗಿವೆ. ಅವನ್ನು ತಿದ್ದುವುದು ನನಗೆ ಈಗ ಖುಷಿಯ ಕೆಲಸ. ಇನ್ನೂ ಕೆಲವರು ಇಡೀ ಪ್ರಬಂಧವನ್ನು ಎಐ ಕೈಲಿ ಬರೆಸಿಕೊಂಡೇ ಬರುತ್ತಾರೆ. ಐದು ನಿಮಿಷ ಎದುರು ಕೂತಾಗ ಅವರಿಗೇ ಗೊತ್ತಾಗುತ್ತದೆ. ಮತ್ತೊಮ್ಮೆ ಬರೆದು ತಾ ಎಂದು ಕಳಿಸುತ್ತೇನೆ. ಅದರ ಮೇಲೆ ಏನೂ ಅನ್ನುವುದಿಲ್ಲ.

ಸಿಂದಗಿ ತಾಲೂಕಿನ ಆ ಹುಡುಗಿ ಈಗ ಮೂರನೇ ವರ್ಷ. ಅವಳ ಬರಹದಲ್ಲಿ ಅವಳ ಆಯಿ ಮಾತಾಡುತ್ತಾಳೆ, ಅಜ್ಜಿಯವರು ಅಂತ ಬರೆಯುವುದನ್ನು ಬಿಟ್ಟಿದ್ದಾಳೆ. ಆದರೆ ಪ್ರಬಂಧ ಕೊಡಲು ಬಂದಾಗೆಲ್ಲ ಅದರ ಜೊತೆಗೆ ರಫ್ ನೋಟ್‌ಬುಕ್ಕನ್ನೂ ನನ್ನ ಟೇಬಲ್ ಮೇಲೆ ಇಡುತ್ತಾಳೆ. ಬೇಡವಾ, ನನಗೆ ಗೊತ್ತೈತಿ ಅಂತ ಎಷ್ಟು ಸಲ ಹೇಳಿದ್ದೇನೆ. “ಇರಲ್ರಿ ಸರ್” ಅನ್ನುತ್ತಾಳೆ, ಇಟ್ಟು ಹೋಗುತ್ತಾಳೆ.