ಜೋಳಿಗೆಗೆ ಬಿದ್ದ ಭಿಕ್ಷೆ

ಆಗಸ್ಟ್ 1ರಂದು ಇಳಕಲ್ಲಿನ ವಿಜಯಮಹಾಂತೇಶ ಮಠಕ್ಕೆ ಕಾಕಾನ ಜೊತೆ ಹೋಗಿಬರುವುದು ನಮ್ಮ ಮನೆಯ ವಾಡಿಕೆ. ಡಾ. ಮಹಾಂತ ಶಿವಯೋಗಿಗಳು 1930ರಲ್ಲಿ ಹುಟ್ಟಿದ ಈ ದಿನವನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ನಾವೆಲ್ಲ ಅಪ್ಪಗಳೆಂದು ಕರೆಯುವ, ಈ ಮಠದ ಸ್ವಾಮಿಗಳಾಗಿದ್ದ ಅವರು 2018ರಲ್ಲಿ ಲಿಂಗೈಕ್ಯರಾದರು. ಗದ್ದುಗೆಯ ಮುಂದೆ ಕಾಕಾ ಇಂದಿಗೂ ಮಾತಿಲ್ಲದೆ ಬಹಳ ಹೊತ್ತು ಕುಳಿತಿರುತ್ತಾನೆ.

ಜಂಗಮನ ಜೋಳಿಗೆಗೆ ಜೋಳ, ಅಕ್ಕಿ, ರೊಟ್ಟಿ ಬೀಳುವುದನ್ನು ಕಂಡ ನಾಡು ನಮ್ಮದು. ಅದೇ ಜೋಳಿಗೆಯನ್ನು ಹೆಗಲಿಗೇರಿಸಿಕೊಂಡು ಓಣಿ ಓಣಿ ತಿರುಗಿದ ಅಪ್ಪಗಳು ಕುಡಿತ, ಬೀಡಿ, ತಂಬಾಕುಗಳನ್ನು ಭಿಕ್ಷೆಯಾಗಿ ಬೇಡಿದರು. ಜನ ಅದನ್ನು ಮಹಾಂತ ಜೋಳಿಗೆ ಎಂದು ಕರೆದರು. ಮನೆಯವರು, ಹಿರಿಯರು, ಊರವರು ಎಲ್ಲರೂ ಕುಡುಕನಿಗೆ ಹೇಳುವುದು ‘ಬಿಡು’ ಎಂದೇ. ಅಪ್ಪಗಳು ಮಾತ್ರ ‘ಕೊಡು’ ಎಂದು ಕೈಯೊಡ್ಡಿದರು. ಊರೆಲ್ಲ ಹೀಗಳೆದು ಮೂಲೆಗೆ ತಳ್ಳಿದ ಮನುಷ್ಯ ಆ ಗಳಿಗೆಯಲ್ಲಿ ದಾನಿಯಾಗುತ್ತಾನೆ. ಜಂಗಮಕ್ಕೆ ನೀಡಿದ್ದು ಲಿಂಗಕ್ಕೆ ಸಂದಂತೆ ಎಂಬ ನಂಬಿಕೆಯಲ್ಲಿ ಬೆಳೆದವನಿಗೆ ಕೊಟ್ಟದ್ದನ್ನು ಮರಳಿ ಮುಟ್ಟುವುದು ಸುಲಭವಲ್ಲ. ಈ ವ್ರತದ ಬಲವಿರುವುದು ಅಲ್ಲಿಯೇ ಎಂದು ನಾನು ನಂಬಿದ್ದೇನೆ.

ಆ ಜೋಳಿಗೆ ನಮ್ಮ ಓಣಿಗೆ ಬಂದ ದಿನ ಕಾಕಾ ಅಂಗಿಯ ಕಿಸೆಯಿಂದ ಅರ್ಧ ಖಾಲಿಯಾದ ಬೀಡಿಕಟ್ಟನ್ನು ತೆಗೆದು ಜೋಳಿಗೆಗೆ ಹಾಕಿ, ಕುಡಿತವನ್ನೂ ಹಾಕಿದೆನೆಂದು ಬರಿಗೈಯನ್ನು ಅದರ ಬಾಯಿಯ ಮೇಲೆ ಕೊಡವಿದ್ದನ್ನು ಕಾಕು ಈಗಲೂ ಕಣ್ಣೊರೆಸಿಕೊಳ್ಳುತ್ತ ಹೇಳುತ್ತಾಳೆ. ಮುಂದಿನ ದಿನಗಳು ಮಾತ್ರ ಘೋರವಾಗಿದ್ದವು. ಎರಡನೆಯ ರಾತ್ರಿಗೆ ಕೈ ನಡುಗಿ, ಮೈ ಬೆವರಿ, ಗೋಡೆಯ ಮೇಲೆ ಇಲ್ಲದ ಹುಳುಗಳು ಕಾಣತೊಡಗಿದಾಗ ಆಸ್ಪತ್ರೆಗೆ ಸೇರಿಸಬೇಕಾಯಿತು. ಬಹುಕಾಲ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಅದಕ್ಕೆ ವೈದ್ಯರೇ ಬೇಕು. ಔಷಧಿ ತೆಗೆದುಕೊಂಡರೆ ವ್ರತಕ್ಕೆ ಕುಂದು ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಔಷಧಿ ಕಾಕಾನ ದೇಹವನ್ನು ಉಳಿಸಿತು. ಗುಣವಾಗಿ ಮನೆಗೆ ಬಂದ ಮೇಲೆ, ದಿನವೂ ಸಂಜೆ ಆರಕ್ಕೆ ಕಾಲು ತಾನಾಗಿಯೇ ಅಂಗಡಿಯ ದಾರಿ ಹಿಡಿಯುವಾಗ ಹಿಂದಕ್ಕೆ ತಿರುಗಿಸಿದ್ದು ಕೊಟ್ಟ ಭಿಕ್ಷೆಯ ನೆನಪು.

ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನೂ ಇದ್ದಾನೆ. ಹೆಂಡ ಮಾರುತ್ತಿದ್ದವನ ಹೆಸರಿನಿಂದ ಹೆಂಡವನ್ನು ಅಳಿಸದೆಯೇ ಆ ಬಳಗ ಅವನನ್ನು ಶರಣನೆಂದು ಅಪ್ಪಿಕೊಂಡಿತು. ಹಳೆಯದನ್ನು ಮುಚ್ಚಿಡಬೇಕೆಂಬ ಹಂಗಿಲ್ಲದ ಆ ಅಪ್ಪುಗೆಯೇ ಜೋಳಿಗೆಯಾಗಿ ನಮ್ಮ ಓಣಿಗೆ ಬಂದಿತ್ತು ಎಂದು ನನಗೆ ಅನಿಸುತ್ತದೆ.

ಈ ವರ್ಷ ಮಠದಿಂದ ಮರಳುವಾಗ ಬಸ್‌ ನಿಲ್ದಾಣದಲ್ಲಿ ಕಾಕಾನ ಹಳೆಯ ಗೆಳೆಯನೊಬ್ಬ ಸಿಕ್ಕು, ಹೆಗಲ ಮೇಲೆ ಕೈಹಾಕಿ, ಒಂದು ಗುಟುಕಿಗೆ ಏನಾಗುತ್ತದೆ ಬಾ ಎಂದು ಕರೆದ. ಕಾಕಾ ಸಿಟ್ಟಾಗಲಿಲ್ಲ. ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು, “ಅದು ಈಗ ನಂದಲ್ಲೋ ತಮ್ಮಾ, ಅಪ್ಪಗಳ ಜೋಳಿಗ್ಯಾಗ ಐತಿ” ಎಂದ.