ಸಿಮರಾನ್ ಕೌಂಟಿಯಲ್ಲಿ ಮಾವನ ಜೊತೆ ಒಂದು ದಿನ

ಡಲ್ಲಾಸ್‌ನಿಂದ ಡೆನ್ವರ್‌ಗೆ ಕಾರಿನಲ್ಲಿ ಹೋದವರಲ್ಲಿ ಬಹಳ ಜನ ಈ ಕೌಂಟಿಯನ್ನು ದಾಟಿರುತ್ತಾರೆ. ಹೆಸರು ಮಾತ್ರ ಯಾರಿಗೂ ನೆನಪಿರೋದಿಲ್ಲ. 287ನೇ ಹೆದ್ದಾರಿ ಟೆಕ್ಸಸ್ ಬಿಟ್ಟು ಕೊಲೊರಾಡೊ ಸೇರುವ ಮುಂಚೆ ಒಕ್ಲಹೋಮಾದ ಒಂದು ತುದಿಯನ್ನು ಹಾದು ಹೋಗುತ್ತದೆ. ಅದೇ ಸಿಮರಾನ್ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಪೆಟ್ರೋಲ್ ಹಾಕಿಸಿ, ಕಾಫಿ ಕುಡಿದು, 'ಇಲ್ಲೇನಿದೆ ಮಣ್ಣು' ಅಂತ ಮುಂದೆ ಹೋಗೋದು ರೂಢಿ. ಈ ಸಲ ಕಾರಿನಲ್ಲಿ ವಿಜಯಪುರ ಜಿಲ್ಲೆಯಿಂದ ಬಂದಿದ್ದ ನಮ್ಮ ಮಾವ ಇದ್ದರು. ಅವರಿಗೆ ಮಣ್ಣೇ ಬೇಕಿತ್ತು.

'ಅದು ಜ್ವಾಳ ಅಲ್ಲೇನ್ರೀ? ನಿಲ್ಲಸ್ರಿ' ಅಂದರು.

ಹೌದು, ಜೋಳವೇ. ಆದರೆ ಸೊಂಟದೆತ್ತರ ಅಷ್ಟೇ. ತೆನೆ ಕಂದುಗೆಂಪು. ಯಂತ್ರದಲ್ಲಿ ಕೊಯ್ಯಲು ಅನುಕೂಲವಾಗಲಿ ಅಂತ ಗಿಡ್ಡ ತಳಿ ಮಾಡಿಕೊಂಡಿದ್ದಾರೆ. ಕಾಳು ಹೆಚ್ಚಾಗಿ ದನಗಳ ಹೊಟ್ಟೆಗೆ ಹೋಗುತ್ತದೆ. ಮಾವನಿಗೆ ಇದು ಸರಿಬರಲಿಲ್ಲ. 'ಇಷ್ಟ್ ಗಿಡ್ಡ ಇದ್ರ ಕಣಿಕಿ ಎಲ್ಲಿಂದ ಬರ್ತೈತಿ?' ಅಂತ ಕೇಳಿದರು. ಕಣಿಕಿ ಅಂದರೆ ದನಕ್ಕೆ ಹಾಕುವ ಜೋಳದ ಒಣ ದಂಟು. ಆಮೇಲೆ ಬೇಲಿಯ ಈಚೆ ಕೂತು ಒಂದು ಹಿಡಿ ಮಣ್ಣು ತೆಗೆದುಕೊಂಡು ಉಜ್ಜಿದರು. ಎರಿ (ಕಪ್ಪು ಮಣ್ಣು) ಅಲ್ಲ, ಮಸಾರಿ (ಕೆಂಪು ಮಣ್ಣು) ಅಂತ ತೀರ್ಮಾನ ಕೊಟ್ಟರು. ಅಂಗೈ ಬಿಡಿಸಿದರೆ ಅರ್ಧ ಮಣ್ಣು ಗಾಳಿಗೆ ಹಾರಿಹೋಗಿತ್ತು. ಆ ಗಾಳಿ ನಾವು ಇದ್ದಷ್ಟು ಹೊತ್ತೂ ನಿಲ್ಲಲಿಲ್ಲ.

ಈ ಕೌಂಟಿ ನಮ್ಮ ಬೆಂಗಳೂರು ನಗರ ಜಿಲ್ಲೆಯ ಎರಡರಷ್ಟಿದೆ. ಸುಮಾರು 4,750 ಚದರ ಕಿಲೋಮೀಟರ್. 2020ರ ಜನಗಣತಿಯಲ್ಲಿ ಸಿಕ್ಕ ತಲೆಗಳು 2,296. ಒಕ್ಲಹೋಮಾದಲ್ಲೇ ಅತಿ ಕಡಿಮೆ ಜನ ಇರುವ ಕೌಂಟಿ ಇದು. ಆದರೆ ನೆರೆಹೊರೆಗೇನೂ ಕೊರತೆ ಇಲ್ಲ. ಟೆಕ್ಸಸ್, ನ್ಯೂ ಮೆಕ್ಸಿಕೋ, ಕೊಲೊರಾಡೊ, ಕನ್ಸಾಸ್, ನಾಲ್ಕೂ ಇದರ ಗಡಿಗೆ ತಾಗುತ್ತವೆ. ಹೀಗೆ ಬೇರೆ ನಾಲ್ಕು ರಾಜ್ಯಗಳಿಗೆ ತಾಗುವ ಕೌಂಟಿ ಅಮೆರಿಕದಲ್ಲಿ ಇನ್ನೊಂದಿಲ್ಲ.

ಇದರ ಹಿಂದಿನ ಕಥೆ ಅಷ್ಟು ಚೆಂದವಲ್ಲ. ಟೆಕ್ಸಸ್‌ಗೆ ಗುಲಾಮಗಿರಿ ಬಿಡಲು ಮನಸ್ಸಿರಲಿಲ್ಲ. 36 ಡಿಗ್ರಿ 30 ಮಿನಿಟ್ ಅಕ್ಷಾಂಶದಿಂದ ಮೇಲೆ ಅದಕ್ಕೆ ಅವಕಾಶ ಇರಲಿಲ್ಲ. ಹಾಗಾಗಿ 1850ರಲ್ಲಿ ಆ ಗೆರೆಯ ಮೇಲಿನ ನೆಲವನ್ನೇ ಬಿಟ್ಟುಕೊಟ್ಟಿತು. ನಾಲ್ಕು ವರ್ಷದ ನಂತರ ಕನ್ಸಾಸ್‌ನ ಗಡಿಯನ್ನು 37 ಡಿಗ್ರಿಗೆ ಎಳೆದರು. ನಡುವೆ 55 ಕಿಲೋಮೀಟರ್ ಅಗಲದ ಪಟ್ಟಿಯೊಂದು ದರ್ಜಿಯ ಅಂಗಡಿಯ ಚೂರು ಬಟ್ಟೆಯ ಹಾಗೆ ಉಳಿದುಹೋಯಿತು. ಅದಕ್ಕೆ ಕೋರ್ಟಿಲ್ಲ, ಕಾನೂನಿಲ್ಲ, ಜಮೀನಿಗೆ ಪತ್ರವಿಲ್ಲ. ನೋ ಮ್ಯಾನ್ಸ್ ಲ್ಯಾಂಡ್ ಅಂತಲೇ ಕರೆದರು. 1890ರಲ್ಲಿ ಒಕ್ಲಹೋಮಾಕ್ಕೆ ಸೇರಿಸಿದರು. 1907ರಲ್ಲಿ ಆ ಪಟ್ಟಿಯನ್ನು ಮೂರು ಮಾಡಿದಾಗ ಪಶ್ಚಿಮದ ತುಂಡು ಸಿಮರಾನ್ ಆಯಿತು.

ಮರುವರ್ಷವೇ ಸೈಟು ಮಾರುವವರು ಬಂದರು. ಡಾಂಬರು ರಸ್ತೆ, ಸಾಲುಮರ, ರೈಲು, ನೀರು ಎಲ್ಲ ಇದೆ ಅಂತ ಅಂದದ ಕಾಗದ ಅಚ್ಚು ಹಾಕಿಸಿ ಬೋಯ್ಸಿ ಸಿಟಿ ಎಂಬ ಊರಿನ ಸುಮಾರು 3,000 ಸೈಟು ಮಾರಿದರು. ಬಂದು ನೋಡಿದರೆ ಬರೀ ಹುಲ್ಲು. ಮಾರಿದವರು ಜೈಲಿಗೆ ಹೋದರು ಅನ್ನೋದೊಂದು ಸಮಾಧಾನ. ಕೊಂಡವರಲ್ಲಿ ಕೆಲವರು ಉಳಿದುಕೊಂಡು ನಿಜವಾಗಿ ಒಂದು ಊರು ಕಟ್ಟಿದರು, ಅದೇ ಈಗ ಕೌಂಟಿಯ ಕೇಂದ್ರ. ಈ ಭಾಗ ಕೇಳಿದಾಗ ಮಾವ ಜೋರಾಗಿ ನಕ್ಕರು. ಅವರ ತಮ್ಮನಿಗೂ ಒಂದು ಸೈಟಿನ ಕಥೆ ಇದೆ, ಬೇಡ ಬಿಡಿ.

ಊರ ನಡುವೆ ಕೋರ್ಟ್ ಕಟ್ಟಡ, ಅದರ ಸುತ್ತ ರಸ್ತೆ, ರಸ್ತೆ ತುಂಬ ಟ್ರಕ್ಕು. 1943ರ ಜುಲೈ 5ರ ನಡುರಾತ್ರಿ ಅಮೆರಿಕದ್ದೇ ಬಿ-17 ವಿಮಾನ ಇಲ್ಲಿ ಬಾಂಬು ಹಾಕಿತ್ತು. ಟೆಕ್ಸಸ್‌ನ ಡಾಲ್‌ಹಾರ್ಟ್ ವಾಯುನೆಲೆಯಿಂದ ತಾಲೀಮಿಗೆ ಹೊರಟವರು ದಾರಿ ತಪ್ಪಿದ್ದರು. ಕೋರ್ಟಿನ ಸುತ್ತಲಿನ ದೀಪಗಳನ್ನೇ ಗುರಿ ಅಂದುಕೊಂಡರು. ಆರು ಬಾಂಬು ಬಿದ್ದವು. ಮರಳು ತುಂಬಿ ಸ್ವಲ್ಪವೇ ಮದ್ದು ಹಾಕಿದ ತಾಲೀಮಿನ ಬಾಂಬು, ಯಾರಿಗೂ ಏನೂ ಆಗಲಿಲ್ಲ. ಊರಿನ ಕರೆಂಟು ತೆಗೆದ ಮೇಲೆ ವಿಮಾನ ಹೊರಟುಹೋಯಿತು. ಇದರ ನೆನಪಿಗೆ ಊರಿನವರು ಒಂದು ಬಾಂಬಿನ ಮಾದರಿಯನ್ನೂ ನೆಟ್ಟಿದ್ದಾರೆ.

ಪಶ್ಚಿಮಕ್ಕೆ ಹೋದರೆ ಕೆಂಟನ್ ಎಂಬ ಪುಟ್ಟ ಊರು. ಒಕ್ಲಹೋಮಾದಲ್ಲಿ ಇದೊಂದೇ ಊರು ಗಡಿಯಾರವನ್ನು ಒಂದು ಗಂಟೆ ಹಿಂದೆ ಇಟ್ಟುಕೊಂಡಿರೋದು. ಪಕ್ಕದಲ್ಲೇ ಬ್ಲ್ಯಾಕ್ ಮೇಸಾ, 4,973 ಅಡಿ, ರಾಜ್ಯದ ಅತಿ ಎತ್ತರದ ಜಾಗ. ಲಾವಾ ಹರಿದು ಗಟ್ಟಿಯಾದ ಕಪ್ಪು ತಲೆ, ನೆತ್ತಿ ಸಪಾಟು. ಮಾವನ ಮೊಣಕಾಲು ಒಪ್ಪಲಿಲ್ಲ, ಕೆಳಗಿನಿಂದಲೇ ನೋಡಿ ಬಂದೆವು.

ವಾಪಸ್ ಬೋಯ್ಸಿ ಸಿಟಿಯ ಮ್ಯೂಸಿಯಮ್ಮಿಗೆ ಹೋದೆವು. ಅಲ್ಲಿ ಮಾತಿಗೆ ಸಿಕ್ಕ ಹಿರಿಯರೊಬ್ಬರು ರೈತರು. ನಾನು ನಡುವೆ ನಿಂತು ಎರಡೂ ಕಡೆ ಮಾತು ದಾಟಿಸಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಗೋಧಿಯ ರೇಟು ಬುಶೆಲ್ಲಿಗೆ (ಸುಮಾರು 27 ಕೆ.ಜಿ.) ಎರಡು ಡಾಲರ್ ದಾಟಿತ್ತು. ಆ ಆಸೆಗೆ ಹುಲ್ಲುಗಾವಲನ್ನೆಲ್ಲ ಕಿತ್ತು ಉತ್ತರು. ಆಮೇಲೆ ರೇಟು ಬಿತ್ತು, ಮಳೆ ಹೋಯಿತು. ಬೇರು ಹಿಡಿದಿಟ್ಟುಕೊಳ್ಳದ ಮಣ್ಣು ಎದ್ದು ಹಾರಿತು. 1935ರ ಏಪ್ರಿಲ್ 14ರ ಭಾನುವಾರ ಬಂದ ದೂಳಿನ ಗೋಡೆ ಹಗಲನ್ನೇ ಕತ್ತಲು ಮಾಡಿತು. ಮರುವರ್ಷ ಆರ್ಥರ್ ರಾಥ್‌ಸ್ಟೈನ್ ತೆಗೆದ ಪ್ರಸಿದ್ಧ ಫೋಟೋ ಈ ಕೌಂಟಿಯದೇ. ಅರ್ಧ ಹೂತುಹೋದ ಕೊಟ್ಟಿಗೆ, ತಲೆ ತಗ್ಗಿಸಿ ನಡೆಯುವ ಅಪ್ಪ, ಇಬ್ಬರು ಹುಡುಗರು. ಚಿಕ್ಕವನು ಹಿಂದೆ ಬಿದ್ದಿದ್ದಾನೆ, ಕಣ್ಣಿಗೆ ಕೈ ಅಡ್ಡ ಹಿಡಿದಿದ್ದಾನೆ. 1930ರಲ್ಲಿ 5,408 ಇದ್ದ ಜನ ಹತ್ತು ವರ್ಷದಲ್ಲಿ 3,654ಕ್ಕೆ ಇಳಿದರು. ಆ ಹಿರಿಯರ ಅಜ್ಜ ಊರು ಬಿಡಲಿಲ್ಲವಂತೆ. 'ಯಾಕೆ ಅಂತ ಕೇಳಿ' ಅಂದರು ಮಾವ. 'ಹೋಗೋಕೆ ಪೆಟ್ರೋಲಿಗೆ ಕಾಸಿರಲಿಲ್ಲ' ಅಂತ ಉತ್ತರ ಬಂತು.

ಹಾಳಾದ ಜಮೀನನ್ನು ಎಷ್ಟೋ ಕಡೆ ಸರ್ಕಾರ ಕೊಂಡು ಮತ್ತೆ ಹುಲ್ಲು ಬೆಳೆಸಿತು. ರೀಟಾ ಬ್ಲಾಂಕಾ ಹುಲ್ಲುಗಾವಲು ಹೀಗೆ ಆದದ್ದೇ, ಈಗ ಅಲ್ಲಿ ದನ ಮೇಯುತ್ತವೆ. ಉಳಿದ ಕಡೆ ಓಗಲಾಲಾ ಎಂಬ ಅಂತರ್ಜಲದಿಂದ ನೀರೆತ್ತಿ ಬೆಳೆ ತೆಗೆಯುತ್ತಾರೆ. ಎತ್ತಿದಷ್ಟು ನೀರು ಮಳೆಯಿಂದ ವಾಪಸ್ ಇಳಿಯೋದಿಲ್ಲ. ಮಟ್ಟ ಕೆಳಗೆ ಹೋಗುತ್ತಲೇ ಇದೆ.

ಇದನ್ನು ಹೇಳಿದ ಮೇಲೆ ಮಾವ ದೂಳು, ಫೋಟೋ ಎಲ್ಲ ಬಿಟ್ಟರು. ಬೋರು ಎಷ್ಟು ಫೂಟು, ಮೋಟಾರು ಎಷ್ಟು ಎಚ್‌ಪಿ, ಕರೆಂಟಿನ ಬಿಲ್ಲು ಯಾರು ಕಟ್ಟುತ್ತಾರೆ ಅಂತ ಶುರು ಮಾಡಿದರು. ಆ ಹಿರಿಯರೂ ಕುರ್ಚಿ ಎಳೆದುಕೊಂಡು ಕೂತರು. ಕತ್ತಲಾಗುವ ಮುಂಚೆ ಕೊಲೊರಾಡೊ ಗಡಿ ದಾಟಬೇಕು ಅಂತ ನಾನು ಎರಡು ಸಲ ಹೇಳಿದೆ. ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.