ಡಿಎನ್‌ಎ ಕಿಟ್ ತೆರೆಯುವ ಮೊದಲು ತಾಮನೆಯ ಹೆಸರು ಕೇಳಿ

ಅಮೆರಿಕ, ಕೆನಡಾ ಕಡೆ ನೆಲೆಸಿದ ಕೊಡವ ದಂಪತಿಗಳು ರಿಯಾಯಿತಿ ಬಂದಾಗ ವಂಶ, ನೆಂಟಸ್ತಿಕೆ ತಿಳಿಯುವ ಎರಡು ಡಿಎನ್‌ಎ ಕಿಟ್ ತರಿಸಿಕೊಳ್ಳುವುದು ಈಗ ಹೊಸತೇನಲ್ಲ. ಒಂದೆರಡು ತಿಂಗಳಲ್ಲಿ ಫಲಿತಾಂಶ ಬರುತ್ತದೆ: ದಕ್ಷಿಣ ಭಾರತಕ್ಕೆ ಬಣ್ಣ ಬಳಿದ ಒಂದು ನಕ್ಷೆ, ಕೆಳಗೆ ಗುರುತಿಲ್ಲದ ನೆಂಟರ ಉದ್ದ ಪಟ್ಟಿ. ಬಹಳ ಜನ ಅಲ್ಲಿಗೇ ಕೈಬಿಡುತ್ತಾರೆ. ಊರಿನಲ್ಲಿ ಮೊದಲು ಆಗಬೇಕಿದ್ದ ಕೆಲಸ ಆಗದೆ ಆ ಪಟ್ಟಿಗೆ ಅರ್ಥ ಬರುವುದಿಲ್ಲ. ಆ ಕೆಲಸ ಊರಲ್ಲಿರುವ ನಿಮ್ಮಿಂದಲೇ ಆಗಬೇಕು.

ಮೊದಲ ತೊಡಕು ಹೆಸರಿನದು. ನಮ್ಮಲ್ಲಿ ಮನೆಪೆದ (ಮನೆತನದ ಹೆಸರು) ಮುಂದೆ, ಸ್ವಂತ ಹೆಸರು ಹಿಂದೆ. ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ಅಣ್ಣ ಮನೆಪೆದವನ್ನು ಸರ್‌ನೇಮ್ ಮಾಡಿಕೊಂಡಿರುತ್ತಾನೆ, ತಮ್ಮ ಅಪ್ಪನ ಹೆಸರನ್ನು. ಒಂದೇ ಮನೆಯ ಇಬ್ಬರು ಡಿಎನ್‌ಎ ಪಟ್ಟಿಯಲ್ಲಿ ಎರಡು ಕುಲದವರಂತೆ ಕಾಣುತ್ತಾರೆ. ಬರೀ ಇನಿಷಿಯಲ್ ಇದ್ದರಂತೂ ಮುಗಿಯಿತು. 'ಕೆ' ಎಂದರೆ ಯಾವ ಒಕ್ಕವೂ (ಮನೆತನವೂ) ಆಗಬಹುದು. ಹಾಗಾಗಿ ಮಕ್ಕಳಿಗೆ ಕಳಿಸುವ ವಂಶಾವಳಿಯಲ್ಲಿ ಪ್ರತಿಯೊಬ್ಬರಿಗೂ ಮನೆಪೆದ, ಹೆಸರು, ಊರು, ನಾಡು ನಾಲ್ಕನ್ನೂ ಬಿಡಿಸಿ ಬರೆಯಿರಿ. ಜಮ್ಮಾ ಜಾಗದ (ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನಿನ) ಕಾಗದಗಳಲ್ಲಿ ಪಟ್ಟೆದಾರರ (ಒಕ್ಕದ ಯಜಮಾನರ) ಹೆಸರುಗಳು ಸಾಲಾಗಿ ಸಿಗುತ್ತವೆ. ಬೀರುವಿನಲ್ಲಿರುವ ಕೋವಿಯ ಲೈಸೆನ್ಸ್ ವಿನಾಯಿತಿ ಪತ್ರ, ಹಳೆಯ ಮದುವೆ ಕರೆಯೋಲೆ, ಪಾಲು ಪತ್ರ ಎಲ್ಲವನ್ನೂ ಫೋನಿನಲ್ಲಿ ಚಿತ್ರ ತೆಗೆದಿಡಿ.

ಗಂಡಸರ ಸಾಲನ್ನು ಒಕ್ಕ ಚೆನ್ನಾಗಿಯೇ ಕಾಪಾಡಿಕೊಂಡು ಬಂದಿದೆ. ಕಳೆದುಹೋಗಿರುವುದು ಹೆಂಗಸರ ಸಾಲು. ಮದುವೆಯಾದ ಮೇಲೆ ಗಂಡನ ಮನೆಪೆದ ಬರುತ್ತದೆ. ಎರಡು ತಲೆಮಾರು ಕಳೆದರೆ ಆಕೆ ಯಾವ ಮನೆಯಿಂದ ಬಂದವಳು ಎಂದು ಹೇಳುವವರೇ ಇರುವುದಿಲ್ಲ. ಸುಗ್ಗಿಯ ಹಬ್ಬ ಪುತ್ತರಿಗೆ ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಎಲ್ಲರೂ ಸೇರಿದಾಗ, ಕಾರಣಂಗ್ ಕೊಡುವ (ಗತಿಸಿದವರಿಗೆ ಎಡೆ ಇಡುವ) ದಿನ ಹಿರಿಯರ ನೆನಪು ಬರುವಾಗ, ಪ್ರತಿ ಅಜ್ಜಿಯ ತಾಮನೆ (ತವರು ಮನೆ) ಯಾವುದು, ಆಕೆಯ ಅಕ್ಕತಂಗಿಯರು ಯಾವ ಒಕ್ಕಗಳಿಗೆ ಹೋದರು ಎಂದು ಕೇಳಿ ಬರೆದುಕೊಳ್ಳಿ. ಡಿಎನ್‌ಎ ಪಟ್ಟಿಯ ಬಹಳಷ್ಟು ನೆಂಟರು ಆ ಅಕ್ಕತಂಗಿಯರ ಕಡೆಯವರಿರಬಹುದು.

ಇನ್ನೊಂದು ಪ್ರಶ್ನೆ ತುಸು ಸೂಕ್ಷ್ಮ, ಆದರೆ ಕೇಳಲೇಬೇಕು: ಒಕ್ಕದಲ್ಲಿ ಯಾವಾಗಲಾದರೂ ಒಕ್ಕಪರಿಜೆ ನಡೆದಿತ್ತೇ, ದತ್ತು ಆಗಿತ್ತೇ? ಗಂಡು ಸಂತಾನವಿಲ್ಲದ ಮನೆಯಲ್ಲಿ ಮಗಳು ಉಳಿದು, ಗಂಡ ಅಲ್ಲಿಗೇ ಬಂದು, ಮಕ್ಕಳು ತಾಯಿಯ ಒಕ್ಕವನ್ನು ಮುಂದುವರಿಸಿದ್ದರೆ ಮನೆಪೆದ ಒಂದು, ವೈ ಕ್ರೋಮೊಸೋಮ್ ಇನ್ನೊಂದು. ಅದು ಅಪ್ಪನಿಂದ ಮಗನಿಗೆ ಮಾತ್ರ ಹೋಗುವುದರಿಂದ, ಬಂದ ಅಳಿಯನ ಒಕ್ಕದ ಗುರುತೇ ಮುಂದೆ ಉಳಿಯುತ್ತದೆ. ಇದು ಗೊತ್ತಿಲ್ಲದೆ ವರದಿ ನೋಡಿದವರು ಮನೆಯ ಮರ್ಯಾದೆಯ ಬಗ್ಗೆಯೇ ಅನುಮಾನ ಪಟ್ಟುಕೊಳ್ಳುತ್ತಾರೆ. ಹಾಗೆಯೇ, ಟಿಪ್ಪುವಿನ ಕಾಲದಲ್ಲಿ ಮತಾಂತರಗೊಂಡವರ ವಂಶ ಎನ್ನಲಾಗುವ ಕೊಡವ ಮಾಪ್ಳೆ ಕುಟುಂಬಗಳಲ್ಲಿ ಒಕ್ಕದ ಹೆಸರು ಇಂದಿಗೂ ಇದೆ. ವೈ ಪರೀಕ್ಷೆಯಲ್ಲಿ ಅಂಥವರೊಬ್ಬರ ಹೆಸರು ಕಂಡರೆ ಅದನ್ನು ತಪ್ಪೆಂದು ಬದಿಗಿಡಬೇಡಿ.

ಯಾರ ಪರೀಕ್ಷೆ ಮಾಡಿಸುವುದು? ಎಲ್ಲ ಕಡೆಯ ನೆಂಟರನ್ನೂ ತೋರಿಸುವ ಆಟೋಸೋಮಲ್ ಪರೀಕ್ಷೆಗೆ ಮನೆಯ ಅತ್ಯಂತ ಹಿರಿಯರೇ ಸರಿ. ತಲೆಮಾರಿಗೆ ಸರಾಸರಿ ಅರ್ಧದಂತೆ ಇಳಿದು, ಮುತ್ತಜ್ಜಿಯ ಪಾಲು ಮೊಮ್ಮಗಳಲ್ಲಿ 25 ಶೇಕಡಾ ಇದ್ದದ್ದು ಆಕೆಯ ಮಗುವಿನಲ್ಲಿ ಸುಮಾರು 12.5 ಶೇಕಡಾ ಮಾತ್ರ. ವೈ ಪರೀಕ್ಷೆಗೆ ಗಂಡ ಸಾಕು. ಹೆಂಡತಿಯ ಕಡೆಗೆ ಆಕೆಯ ಅಪ್ಪ ಇಲ್ಲವೇ ಅಣ್ಣತಮ್ಮ ಬೇಕು. ತಾಯಿಯ ಸಾಲಿನ ಮೈಟೊಕಾಂಡ್ರಿಯಾ ಪರೀಕ್ಷೆ ಇಬ್ಬರಿಗೂ ಆಗುತ್ತದೆ. ಆದರೆ ಅದು ಬಹಳ ನಿಧಾನವಾಗಿ ಬದಲಾಗುವುದರಿಂದ, ಪೂರ್ತಿ ಹೊಂದಿದರೂ ಸಮಾನ ಅಜ್ಜಿ ಹಲವು ನೂರು ವರ್ಷ ಹಿಂದಿನವಳಿರಬಹುದು. ಇಬ್ಬರು ಅಜ್ಜಿಯರು ಅಕ್ಕತಂಗಿಯರು ಹೌದೋ ಅಲ್ಲವೋ ಎಂಬ ಅನುಮಾನವಿದ್ದಾಗ, 'ಅಲ್ಲ' ಎಂದು ತೀರ್ಮಾನಿಸಲು ಅದು ಒಳ್ಳೆಯದು.

ಕಂಪನಿಗಳು ಎಲ್ಲ ದೇಶಗಳಿಗೂ ಕಿಟ್ ಕಳಿಸುವುದಿಲ್ಲ. ಅಪ್ಪ ಅಮ್ಮ ಮೊಮ್ಮಕ್ಕಳನ್ನು ನೋಡಲು ವಿದೇಶಕ್ಕೆ ಹೋದಾಗ ಅಲ್ಲಿಯೇ ಮಾಡಿಸುವುದು ಸುಲಭ. ಅರ್ಧ ಗಂಟೆ ಮೊದಲಿನಿಂದ ಊಟ, ಕಾಫಿ, ಎಲೆ ಅಡಿಕೆ, ಸಿಗರೇಟು ಯಾವುದೂ ಬೇಡ. ಎಂಜಲಿನ ಕೊಳವೆಯಾದರೆ ಗೆರೆಯವರೆಗೆ ತುಂಬಬೇಕಾದ್ದು ದ್ರವ. ಮೇಲಿನ ನೊರೆ ಲೆಕ್ಕಕ್ಕಿಲ್ಲ. ಮಾದರಿ ಕಡಿಮೆಯಾಗಿ ಮತ್ತೆ ಕಳಿಸಿ ಎಂಬ ಉತ್ತರ ಇದರಿಂದಲೂ ಬರಬಹುದು. ಬಾಯಿ ಒಣಗುವ ವಯಸ್ಸಾದವರಿಗೆ ಕೆನ್ನೆಯ ಒಳಗೆ ಉಜ್ಜುವ ಕಡ್ಡಿಯ ಕಿಟ್ ವಾಸಿ.

ಈಗ ಪಟ್ಟಿ ಓದುವ ವಿಷಯ. ಹೊಂದಿಕೆಯ ಅಳತೆ ಸೆಂಟಿಮಾರ್ಗನ್. ಅಪ್ಪ-ಮಗನಿಗೆ ಸುಮಾರು 3,400, ಖಾಸಾ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಿಗೆ ಸರಾಸರಿ 870ರ ಹತ್ತಿರ, ಅವರ ಮಕ್ಕಳ ನಡುವೆ 230ರ ಆಸುಪಾಸು. ಆದರೆ ಈ ಲೆಕ್ಕ ಹೊರಗೆ ಮದುವೆಯಾಗುವ ಸಮಾಜಗಳದ್ದು. ಸಣ್ಣ ಜನಾಂಗದೊಳಗೇ ತಲೆತಲಾಂತರದಿಂದ ಸಂಬಂಧ ಬೆಳೆಸುವ, ಸೋದರಮಾವ ಸೋದರತ್ತೆಯ ಮಕ್ಕಳನ್ನು ತಂದುಕೊಳ್ಳುವ ನಮ್ಮಲ್ಲಿ ದೂರದ ನೆಂಟರೂ ಹತ್ತಾರು ದಾರಿಯಲ್ಲಿ ಸೇರಿ ಹತ್ತಿರದವರಂತೆ ಕಾಣುತ್ತಾರೆ. ಮೊತ್ತ ನೋಡುವ ಬದಲು, ಇಬ್ಬರಲ್ಲೂ ಒಂದೇ ಆಗಿರುವ ಡಿಎನ್‌ಎಯ ಅತಿ ಉದ್ದದ ತುಂಡು ನೋಡಿ. ಮೊತ್ತ 100 ಇದ್ದು, ಉದ್ದದ ತುಂಡು 12 ಮಾತ್ರ ಇದ್ದರೆ ಅದು ಹಳೆಯ ಸಂಬಂಧಗಳ ಚೂರುಗಳು ಕೂಡಿದ್ದು. ಅದೇ 100ರಲ್ಲಿ 40ರ ಒಂದು ತುಂಡಿದ್ದರೆ ಹೆಸರು ಹಿಡಿದು ಹುಡುಕಬಹುದು. ಗಂಡ ಹೆಂಡತಿಯ ನಡುವೆಯೇ ಸಣ್ಣ ಹೊಂದಿಕೆ ಕಂಡರೂ ಗಾಬರಿಯಾಗಬೇಕಿಲ್ಲ.

ಶೇಕಡಾವಾರು ನಕ್ಷೆಗೆ ಹೆಚ್ಚು ಬೆಲೆ ಕೊಡಬೇಡಿ. ಕಂಪನಿಯ ಹೋಲಿಕೆ ಮಾದರಿಗಳು ಬದಲಾದಂತೆ ಅಂಕಿಗಳೂ ಬದಲಾಗುತ್ತವೆ. ಯಾವ ನಾಡಿನಿಂದ ಯಾವ ನಾಡಿಗೆ ಬಂದರು ಎಂಬುದನ್ನು ಅದು ಹೇಳಲಾರದು. ಹೆಂಡತಿ ಅರೆಭಾಷೆ ಗೌಡರ ಮನೆಯವಳಾದರೆ ಸುಳ್ಯ, ಪುತ್ತೂರು ಕಡೆಯ ಮೂಲಮನೆ ಹುಡುಕಬೇಕು. ವಿರಾಜಪೇಟೆಯ ಕೊಂಕಣಿ ಕ್ಯಾಥೊಲಿಕ್ ಮನೆಯವಳಾದರೆ 1792ರಲ್ಲಿ ಶುರುವಾದ ಸಂತ ಅನ್ನಮ್ಮನವರ ಚರ್ಚಿನ ಜ್ಞಾನಸ್ನಾನ, ಮದುವೆ, ಮರಣದ ದಾಖಲೆಗಳನ್ನು ಮೊದಲು ವಿಚಾರಿಸಬೇಕು.

ಕಿಟ್ ನೋಂದಾಯಿಸುವಾಗ ಹಿರಿಯರಿಗೆ ಎರಡು ಮಾತು ಬಿಡಿಸಿ ಹೇಳಿ: ಹೆಸರು ಬೇರೆಯವರಿಗೆ ಕಾಣುತ್ತದೆ, ಮನೆಗೆ ಗೊತ್ತಿಲ್ಲದ ಸಂಬಂಧ ಹೊರಬರಬಹುದು. 2023ರಲ್ಲಿ ಡಿಎನ್‌ಎ ಪರೀಕ್ಷೆಯ ಕಂಪನಿ 23ಆಂಡ್‌ಮಿಯ ಲಕ್ಷಾಂತರ ಗ್ರಾಹಕರ ಮಾಹಿತಿ ಸೋರಿ, 2025ರ ಮಾರ್ಚ್‌ನಲ್ಲಿ ಆ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಆದ್ದರಿಂದ ಕಚ್ಚಾ ದತ್ತಾಂಶದ ಕಡತ ಇಳಿಸಿಕೊಂಡು ಮನೆಯಲ್ಲಿಟ್ಟುಕೊಳ್ಳಿ, ಮಾದರಿ ಉಳಿಸಿಕೊಳ್ಳುವ ಒಪ್ಪಿಗೆಯ ಗುರುತನ್ನು ತೆಗೆದುಹಾಕಿ. ಹಿರಿಯರು ಬೇಡವೆಂದರೆ ಅಲ್ಲಿಗೆ ನಿಲ್ಲಿಸಿ. ಅವರ ತಂಗಿಯನ್ನೋ ತಮ್ಮನನ್ನೋ ಕೇಳಬಹುದು.